ತಮಾಷೆ ತೊಟ್ಟ ಹಬ್ಬ

ಬ್ರಿಟನ್ನಿನಲ್ಲಿ ಡಿಸೆಂಬರ್ ಬಂತೆಂದರೆ ಹಿಮಸಾರಂಗ, ಮಿನುಗುವ ದೀಪ, ಸಾಂತಾಕ್ಲಾಸ್‌ಗಳನ್ನು ಎದೆಯ ಮೇಲೆ ಹೊತ್ತ ಸ್ವೆಟರ್‌ಗಳು ಅಂಗಡಿ ತುಂಬುತ್ತವೆ. ಅವು ವಿಕಾರವಾಗಿವೆ ಎಂಬುದು ನನ್ನ ತಕರಾರಲ್ಲ. ವಿಕಾರವೇ ಅವುಗಳ ಆಕರ್ಷಣೆ. ತಕರಾರಿರುವುದು ಅವು ಹಬ್ಬದ ಅರ್ಥವನ್ನು ಏನು ಮಾಡುತ್ತವೆ ಎಂಬುದರಲ್ಲಿ. ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯದಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಅಂದರೆ ಕ್ರಿಸ್ತನ ಬರವಿಗಾಗಿ ಕಾಯುವ ಕಾಲ. ಆಗ ಪಾದ್ರಿಗಳ ಪೂಜಾವಸ್ತ್ರ ಸಾಮಾನ್ಯವಾಗಿ ನೇರಳೆ. ಬಿಳಿ ಬರುವುದು ಹಬ್ಬ ಬಂದ ಮೇಲೆಯೇ. ಅಲ್ಲಿ ಬಟ್ಟೆ ಕಾಯುವುದನ್ನು ಕಲಿಸುತ್ತದೆ. ಈ ಸ್ವೆಟರ್ ಕಾಯುವಿಕೆಯನ್ನೇ ಅಳಿಸಿ, ‘ಇದೆಲ್ಲ ತಮಾಷೆಗೆ’ ಎಂಬ ಗುರಾಣಿಯನ್ನೂ ಕೈಗಿಡುತ್ತದೆ. ಸಂಭ್ರಮಿಸಬಹುದು, ಯಾವುದಕ್ಕೂ ಮನಸ್ಸು ಕೊಡಬೇಕಿಲ್ಲ. ಹಬ್ಬಬ್ ಎಂಬ ಪರಿಸರ ಸಂಸ್ಥೆ 2019ರಲ್ಲಿ ಪರಿಶೀಲಿಸಿದ ಇಂಥ ಸ್ವೆಟರ್‌ಗಳಲ್ಲಿ ಶೇ 95ರಷ್ಟು ಪೂರ್ತಿಯಾಗಿಯೋ ಭಾಗಶಃವೋ ಪ್ಲಾಸ್ಟಿಕ್ ನೂಲಿನವು. ದನದ ಗೋದಲಿಯಲ್ಲಿ ಮಲಗಿದ ಬಡ ಕೂಸಿನ ನೆನಪಿಗೆ ಇದು ವಿಚಿತ್ರ ಕಾಣಿಕೆ.

ನಗುವುದೂ ತಪ್ಪೇ, ದಾನಕ್ಕೂ ಇದು ನೆಪವಾಗುತ್ತದಲ್ಲ ಎಂದು ಕೇಳಬಹುದು. ಸೇವ್ ದ ಚಿಲ್ಡ್ರನ್ ಎಂಬ ದತ್ತಿ ಸಂಸ್ಥೆ 2012ರಿಂದ ನಡೆಸುತ್ತಿರುವ ಕ್ರಿಸ್ಮಸ್ ಸ್ವೆಟರ್ ದಿನದಿಂದ ಮಕ್ಕಳಿಗೆ ನೆರವು ಸಿಕ್ಕಿರುವುದು ನಿಜ. ಆದರೆ ಕೊಡುವ ಕೈಗೆ ಹೊಸ ಸ್ವೆಟರ್ ಬೇಕಿಲ್ಲ, ಹಳೆಯದೇ ಸಾಕು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ಅಸಮ್ಮತಿಯೇ ಒಂದು ಬಗೆಯ ಮಡಿವಂತಿಕೆಯಲ್ಲವೇ? ಆಗಬಲ್ಲದು. ತೊಟ್ಟವರನ್ನು ಹೀಗಳೆದರೆ, ಸರಳ ಉಡುಪೂ ಅಹಂಕಾರದ ಪ್ರದರ್ಶನವೇ. ಆದ್ದರಿಂದ ವಿರೋಧ ವ್ಯಕ್ತಿಗಳಿಗಲ್ಲ, ಸಂತೋಷವನ್ನು ಕೊಂಡು ತೊಡಬಹುದೆಂಬ ನಂಬಿಕೆಗೆ.