ಮೆಚ್ಚುಗೆಯ ಹಸಿವು

ಹದಿಹರೆಯದ ಮಕ್ಕಳು ತಮ್ಮ ಮಾನಕ್ಕೆ ಕುಂದು ತರಬಲ್ಲ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳುವುದೇಕೆ? ನಾಚಿಕೆ ಅಳಿಯಿತೆಂದು ಹಿರಿಯರು ತೀರ್ಪು ಕೊಡುವುದುಂಟು. ಆ ತೀರ್ಪು ಅವಸರದ್ದು. ಪರರ ಮಾತಿಗೆ ಲಕ್ಷ್ಯಗೊಡದವನು ನಿರ್ಲಜ್ಜನು; ಈ ಮಕ್ಕಳಾದರೋ ಪರರ ಒಂದು ಮೆಚ್ಚುಗೆಗಾಗಿ ಹಾತೊರೆಯುವವರು.

2016ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 13ರಿಂದ 18ರ ವಯಸ್ಸಿನ 32 ಮಂದಿಗೆ ಚಿತ್ರಗಳನ್ನು ತೋರಿಸಿ ಅವರ ಮಿದುಳಿನ ವ್ಯಾಪಾರವನ್ನು ನೋಡಲಾಯಿತು. ಹೆಚ್ಚು ‘ಲೈಕ್’ ಪಡೆದಂತೆ ತೋರಿದ ಚಿತ್ರವನ್ನೇ ಅವರೂ ಹೆಚ್ಚಾಗಿ ಮೆಚ್ಚಿದರು. ಅದು ಮದ್ಯಪಾನ, ಧೂಮಪಾನಗಳ ಚಿತ್ರವಾದರೂ ಸರಿಯೇ. ತಮ್ಮ ಚಿತ್ರಕ್ಕೆ ಬಹಳ ಮೆಚ್ಚುಗೆ ಬಂದುದನ್ನು ಕಂಡಾಗ ಸುಖಾನುಭವದ ಭಾಗವು ಚುರುಕಾಯಿತು. ಅಪಾಯದ ಚಿತ್ರಗಳನ್ನು ನೋಡುವಾಗ ಸಂಯಮದ ಭಾಗಗಳ ಚಟುವಟಿಕೆ ಇಳಿಯಿತು. ಮುಂದಾಲೋಚನೆಯ ಶಕ್ತಿಯು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ.

ಇದರಿಂದ ತಪ್ಪು ಒಪ್ಪಾಗದು. ಆದರೆ ಏಟಿಗೆ ಹೆದರಿದ ಮಗು ತಪ್ಪನ್ನು ಮುಚ್ಚಿಡುತ್ತದೆ. ಆ ಚಿತ್ರವನ್ನು ಹಿಡಿದು ಬೆದರಿಸುವ ದುರುಳನಿಗೆ ಮಗುವಿನ ಮೌನವೇ ಬಲ. ಮನೆಯಲ್ಲಿ ಹೇಳಿಕೊಳ್ಳುವ ಧೈರ್ಯವುಳ್ಳ ಮಗುವನ್ನು ಕಾಪಾಡಬಹುದು. ಪೊಲೀಸರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ಒಡನೆ ತಿಳಿಸಬಹುದು.

ಮಗನ ಅಂಕಗಳನ್ನೂ ಮದುವೆಯ ವೈಭವವನ್ನೂ ನಾಲ್ವರು ಹೊಗಳಲೆಂದೇ ಮೆರೆಸುವ ಗೃಹಸ್ಥನು ಯಾವ ಬಾಯಿಂದ ಮಕ್ಕಳಿಗೆ ಬುದ್ಧಿ ಹೇಳಿಯಾನು? ಹೊಗಳಿಕೆಯಿಲ್ಲದೆಯೂ ತಾನು ಮನೆಗೆ ಬೇಕಾದವನೆಂದು ಮಗುವಿಗೆ ಮನವರಿಕೆಯಾದರೆ, ಅಪರಿಚಿತರ ಮೆಚ್ಚುಗೆಯ ಬೆಲೆ ತಾನಾಗಿಯೇ ಇಳಿಯುತ್ತದೆ.