ಸಮವಸ್ತ್ರವೂ ಸಾಲೋಟಗಿಯ ಶಾಲೆಯೂ

ಸಮವಸ್ತ್ರವನ್ನು ನಮಗೆ ಮೊಗಲರೂ ಕಲಿಸಲಿಲ್ಲ, ಆಂಗ್ಲರೂ ಕಲಿಸಲಿಲ್ಲ, ಗುರುಕುಲಗಳ ಕಾಲದಿಂದಲೇ ಅದು ಇಲ್ಲಿದ್ದಿತೆಂದು ತರಗತಿಯಲ್ಲಿ ಹಿಜಾಬಿಗಿದ್ದ ತಡೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು 2022ರ ಮಾರ್ಚ್ 15ರಂದು ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರೇತಿಹಾಸವನ್ನು ಸಾಕ್ಷಿಗೆ ಕರೆದು ಹೇಳಿತು. ತೀರ್ಪಿನ ಫಲಕ್ಕಿಂತಲೂ ಈ ಇತಿಹಾಸವೇ ನನ್ನನ್ನು ಹೆಚ್ಚು ಕೆರಳಿಸಿದೆ.

ಮನುಸ್ಮೃತಿಯನ್ನು ತೆರೆದು ನೋಡಿದರೆ, ಬ್ರಾಹ್ಮಣ ವಟುವಿಗೆ ಕೃಷ್ಣಮೃಗದ ಚರ್ಮ, ಕ್ಷತ್ರಿಯನಿಗೆ ರುರುಮೃಗದ್ದು, ವೈಶ್ಯನಿಗೆ ಆಡಿನದು. ಹಿಡಿಯುವ ದಂಡವೂ ಒಬ್ಬನಿಗೆ ಕೂದಲಿನ ಎತ್ತರ, ಇನ್ನೊಬ್ಬನಿಗೆ ಹಣೆಯ ಎತ್ತರ, ಮತ್ತೊಬ್ಬನಿಗೆ ಮೂಗಿನ ಎತ್ತರ. ಕುಲವನ್ನು ಮರೆಸುವುದಕ್ಕಲ್ಲ, ದೂರದಿಂದಲೇ ಸಾರುವುದಕ್ಕೆ ವಿಧಿಸಿದ ವೇಷವಿದು. ಶೂದ್ರನಿಗೂ ಹೆಣ್ಣಿಗೂ ಅಲ್ಲಿ ವೇಷದ ಪ್ರಶ್ನೆಯೇ ಏಳಲಿಲ್ಲ.

ನಮ್ಮ ಸಾಲೋಟಗಿಯ ನಿದರ್ಶನವೂ ನ್ಯಾಯಾಲಯಕ್ಕೆ ಒದಗಲಾರದು. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿದ್ದಾಗ, ಅವನ ಮಂತ್ರಿ ನಾರಾಯಣನು ಸ್ಥಾಪಿಸಿದ ಇಲ್ಲಿಯ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ಮದುವೆ, ಉಪನಯನ, ಚೌಲಗಳು ನಡೆದಾಗಲೆಲ್ಲ ಊರವರು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂದು ಶಾಸನವೇ ವಿಧಿಸಿದೆ. ಸಂಸ್ಕಾರಗಳ ಕಾಣಿಕೆಯನ್ನುಂಡು ಬೆಳೆದ ವಿದ್ಯೆಯದು.

ಶಾಲೆಗಳಲ್ಲಿ ಎದ್ದುಕಾಣುವ ಮತಚಿಹ್ನೆಗಳನ್ನು ನಿಷೇಧಿಸಿದ ಫ್ರಾನ್ಸಿನ 2004ರ ಕಾಯಿದೆಯನ್ನೂ, ಭಾಷಣಗಳಲ್ಲಿ ಸವೆದುಹೋದ ಸರ್ವಧರ್ಮಸಮಭಾವವನ್ನೂ ದೂರದಿಂದಲೇ ವಂದಿಸಿ ಮುಂದೆ ಸಾಗುವೆನು.

ಗುರುಕುಲದ ಕಥೆಯನ್ನು ಕಳಚಿದರೂ ಪ್ರತಿವಾದಿಯು ಸೋಲುವುದಿಲ್ಲ. ತರಗತಿಯು ಸಂತೆಯಲ್ಲ, ಅಲ್ಲಿ ಕಲಿಕೆಗಾಗಿ ಕೆಲವು ಸ್ವಾತಂತ್ರ್ಯಗಳು ಸಂಕೋಚಗೊಳ್ಳಬೇಕೆಂಬುದು ಅವನ ನಿಜವಾದ ಬಲ. ಬಡವನ ಮಗನೂ ಸಾಹುಕಾರನ ಮಗನೂ ಒಂದೇ ಬಣ್ಣದ ಅಂಗಿಯಲ್ಲಿ ಕುಳಿತುದನ್ನು ಕಂಡ ನಾನು ಇದನ್ನು ಅಲ್ಲಗಳೆಯಲಾರೆ. ಆದರೆ ನಾನು ಕಲಿತ ಶಾಲೆಯಲ್ಲಿ ಮಾಸ್ತರರ ಹಣೆಯ ವಿಭೂತಿಯನ್ನಾಗಲಿ, ಅಕ್ಕೋರ ತಲೆಯ ಮೇಲಿನ ಸೆರಗನ್ನಾಗಲಿ, ಶುಕ್ರವಾರದ ಸರಸ್ವತೀಪೂಜೆಯನ್ನಾಗಲಿ ಯಾರೂ ಮತಚಿಹ್ನೆಯೆಂದು ಎಣಿಸಲಿಲ್ಲ. ಬಹುಜನರ ರೂಢಿಗೆ ಚಿಹ್ನೆಯೆಂಬ ಹೆಸರೇ ತಗಲದು.

ಹಾಗೆಂದು, ಹನ್ನೆರಡರ ಹುಡುಗಿಯು ಹಿಜಾಬನ್ನು ತಾನಾಗಿ ಆಯ್ದುಕೊಂಡಳೆಂದು ಹೇಳಿ ನುಣುಚಿಕೊಳ್ಳಲೇ? ನನ್ನ ಕೊರಳಿಗೆ ಲಿಂಗ ಕಟ್ಟುವಾಗ ನನ್ನನ್ನು ಯಾರೂ ಕೇಳಲಿಲ್ಲ. ನನ್ನನ್ನು ಬಿಡುಗಡೆಗೊಳಿಸುವ ನೆವದಿಂದ ಅದನ್ನು ತೆಗೆದಿಟ್ಟು ಬಾರೆಂದು ಶಾಲೆಯ ಬಾಗಿಲಲ್ಲಿ ಯಾರೂ ತಡೆಯಲೂ ಇಲ್ಲ. ಅದು ಅಂಗಿಯೊಳಗಿದ್ದಿತು, ಹಿಜಾಬು ಕಣ್ಣಿಗೆ ಬೀಳುತ್ತದೆ ಎನ್ನುವಿರಿ, ಸರಿಯೇ. ಆದರೆ ಅಡಗಿಸಬಲ್ಲ ಚಿಹ್ನೆಯುಳ್ಳವನಿಗೆ ಅನುಕೂಲವಾದ ನಿಯಮವನ್ನು ನಿಷ್ಪಕ್ಷಪಾತವೆನ್ನಲು ನನ್ನ ನಾಲಗೆ ಏಳದು. ಅತ್ತ ಮನೆಯವರ ಒತ್ತಾಯದ ಮಾತು ಹಾಗೆಯೇ ಉಳಿಯಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

2022ರ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ ಗುಪ್ತರು ತೀರ್ಪನ್ನು ಎತ್ತಿಹಿಡಿದರು, ಸುಧಾಂಶು ಧೂಲಿಯಾ ಅವರು ತಳ್ಳಿಹಾಕಿದರು. ಪ್ರಕರಣವನ್ನು ವಿಸ್ತೃತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ನನ್ನ ಮತವಿಷ್ಟೆ: ಹುಡುಗಿಯ ತಲೆಯ ಮೇಲಿನ ಬಟ್ಟೆಯನ್ನು ಯಾರು ಹೊದಿಸಿದರೆಂಬುದು ಇತ್ಯರ್ಥವಾಗುವ ತನಕ ಅವಳನ್ನು ಹೊಸ್ತಿಲಾಚೆ ನಿಲ್ಲಿಸಬಾರದು.