ಐದನೇ ಶೀಲ ಮತ್ತು ತಗಡಿನ ಲೋಟ



ಇಂದಿನ ಚಿಂತನೆ: ಐದನೇ ಶೀಲ.

ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೋಗಿದ್ದೆ. ರಜೆಯ ದಿನ ಗೆಳೆಯರು ಹತ್ತಿರದ ಸ್ಟೆಲೆನ್‌ಬಾಷ್‌ಗೆ ಕರೆದೊಯ್ದರು. ಬೆಟ್ಟದ ಬುಡದವರೆಗೂ ದ್ರಾಕ್ಷಿ ತೋಟ. ವೈನ್ ರುಚಿ ನೋಡುವ ಕೋಣೆಯಲ್ಲಿ ಸಾಲಾಗಿ ಗ್ಲಾಸು ಇಟ್ಟರು. ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು. ಉಗುಳಲು ಪಾತ್ರೆಯೂ ಇತ್ತು. "ಉಗುಳಿಬಿಡಿ ಸಾರ್, ಕುಡಿದ ಹಾಗಾಗಲ್ಲ" ಎಂದ ಜೊತೆಗಿದ್ದ ಬೆಂಗಳೂರಿನ ಹುಡುಗ. ಇಲ್ಲಿ ನನ್ನನ್ನು ನೋಡುವವರು ಯಾರು ಎಂದು ನನಗೂ ಅನಿಸಿತು. ಗ್ಲಾಸು ಕೈಗೆತ್ತಿಕೊಂಡೆ.

ಎದುರಿನ ಗೋಡೆಯ ಮೇಲೊಂದು ಹಳೆಯ ಫೋಟೋ. ಸಾಲಾಗಿ ನಿಂತ ಕೂಲಿಯವರು, ಕೈಯಲ್ಲಿ ತಗಡಿನ ಲೋಟ. "ಇದೇನಮ್ಮ?" ಎಂದು ವೈನ್ ಸುರಿಯುತ್ತಿದ್ದ ಹೆಂಗಸನ್ನು ಕೇಳಿದೆ. "ಡಾಪ್" ಎಂದರು ಆಕೆ. ಕೂಲಿಯ ಒಂದು ಪಾಲನ್ನು ವೈನ್ ಆಗಿಯೇ ಕೊಡುವ ಪದ್ಧತಿ, ದಿನಕ್ಕೆ ಹಲವು ಸಲ. ಗುಲಾಮರ ಕಾಲದಲ್ಲಿ ಬೇರೂರಿದ್ದು, ಕಾನೂನು ತಡೆದ ಮೇಲೂ ಎಷ್ಟೋ ತೋಟಗಳಲ್ಲಿ ನಡೆಯಿತಂತೆ. ಡಚ್ಚರು ಅಲ್ಲಿಗೆ ಸಾಗಿಸಿದ ಗುಲಾಮರಲ್ಲಿ ನಮ್ಮ ಬಂಗಾಳ, ಮಲಬಾರ್ ಕಡೆಯವರೂ ಇದ್ದರು. ಕುಡಿತ ಬಿಡಲಾರದವನು ತೋಟವನ್ನೂ ಬಿಡಲಾರ. ಬಸುರಿಯರೂ ಕುಡಿದರು, ತಾಯಿಯ ಹೊಟ್ಟೆಯಲ್ಲೇ ಮದ್ಯದ ಪೆಟ್ಟು ತಿಂದ ಮಕ್ಕಳು ಆ ಸೀಮೆಯಲ್ಲಿ ಇಂದಿಗೂ ಹುಟ್ಟುತ್ತಿದ್ದಾರೆ.

ನನಗೆ ಅಜ್ಜ ನೆನಪಾದರು. ಸುಗ್ಗಿಯ ಸಂಜೆ ಹೊಲದ ಧಣಿ ಕೂಲಿಯ ಜೊತೆ ಸಾರಾಯಿ ಕೊಡಿಸುತ್ತಿದ್ದರು. "ಧಣಿ ದೊಡ್ಡ ಮನಸ್ಸಿನೋರು" ಎನ್ನುತ್ತಿದ್ದರು ಅಜ್ಜ. ರಾಗಿ ಎಷ್ಟು ಸೇರು ಕಡಿಮೆ ಬಂತೆಂದು ಅಜ್ಜಿಗೆ ಮಾತ್ರ ಗೊತ್ತಿತ್ತು.

ಐದನೇ ಶೀಲದ ಪಾಲಿ ಮಾತಿನಲ್ಲಿ ಮದ್ಯದ ಜೊತೆಗೇ 'ಪಮಾದ' ಎಂಬ ಪದವಿದೆ. ಅಂದರೆ ಎಚ್ಚರ ತಪ್ಪುವುದು. ನಾವು ಎಚ್ಚರ ತಪ್ಪಿದರೆ ಯಾರಿಗೆ ಲಾಭ? ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಎಷ್ಟೋ ಸಲ ಬಾಯಲ್ಲಿ ಹೇಳಿದ್ದೆ. ಅದರ ತೂಕ ತಿಳಿದದ್ದು ಆ ಫೋಟೋದ ಮುಂದೆ.

ಗ್ಲಾಸು ಕೆಳಗಿಟ್ಟೆ. ಆಕೆ ಏನೂ ಕೇಳದೆ ದ್ರಾಕ್ಷಿ ರಸ ತಂದುಕೊಟ್ಟರು.

ಬಂಧುಗಳೇ, ಯಾರೂ ನೋಡದ ಕಡೆಯೂ ಶೀಲ ನಮ್ಮ ಜೊತೆಗಿರಲಿ. ಆದರೆ ಶೀಲ ಪಾಲಿಸುತ್ತೇವೆಂದು ಕೇರಿಯಲ್ಲಿ ಕುಡಿಯುವ ಅಣ್ಣತಮ್ಮಂದಿರನ್ನು ಹೀಯಾಳಿಸುವುದು ಬೇಡ. ಅವರ ಕೈಗೆ ಮೊದಲ ಲೋಟ ಕೊಟ್ಟವರು ಯಾರೆಂದು ನೆನೆಯೋಣ. ಇಂದು ಅಂಥ ಒಬ್ಬರ ಪಕ್ಕ ಕೂತು, ಟೀ ಕುಡಿಯುತ್ತಾ ಮಾತಾಡೋಣ.

ಸಾಧು, ಸಾಧು, ಸಾಧು. ಜೈಭೀಮ್.